ಕರ್ತನ ಮೇಜಿನ ಬಟ್ಟೆ

ಮಲಗುವ ಮುನ್ನ ಆ ದಿನದ ಉಪಕಾರಗಳನ್ನು ಒಂದೊಂದಾಗಿ ಹೇಳಿ ದೇವರಿಗೆ ಸ್ತೋತ್ರ ಮಾಡುವುದು ನನ್ನ ತಾಯಿಯಿಂದ ಬಂದ ರೂಢಿ. ನಳದ ನೀರು ಬಂತು, ಯಜಮಾನರು ವೆರ್ಣಾದ ಕಂಪನಿ ಬಸ್ಸಿನಿಂದ ಹೊತ್ತಿಗೆ ಇಳಿದರು, ಸಾರು ಉಳಿಯಲಿಲ್ಲ, ಕೆಡಲೂ ಇಲ್ಲ. ಇಂಥವೇ. ದೊಡ್ಡ ಉಪಕಾರವನ್ನು ಯಾರಾದರೂ ನೆನಪಿಡುತ್ತಾರೆ, ಚಿಕ್ಕವನ್ನು ಎಣಿಸದಿದ್ದರೆ ಮರೆತೇ ಹೋಗುತ್ತವೆ. ಆದರೆ ಆ ವರ್ಷ ಈಸ್ಟರ್‌ಗೆ ಮುಂಚಿನ ತಿಂಗಳುಗಳಲ್ಲಿ ನಾನು ಎಣಿಸಿದ್ದೆಲ್ಲ ಒಂದು ಕೀಲಿಕೈಯ ಸುತ್ತಲೇ ಇತ್ತು.

ನಮ್ಮ ಸಭೆಗೆ ಸ್ವಂತ ದೇವಾಲಯವಿಲ್ಲ. ಗದಗ, ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಗೋವಾಕ್ಕೆ ದುಡಿಯಲು ಬಂದ ಸುಮಾರು ಮೂವತ್ತು ಮನೆಗಳವರು ನಾವು, ಪ್ರಾಟೆಸ್ಟೆಂಟರು. ಮಂಗೋರ್ ಹಿಲ್‌ನ ಒಂದು ಬಾಡಿಗೆ ಕೋಣೆಯಲ್ಲಿ ಹನ್ನೊಂದು ವರ್ಷ ಕನ್ನಡದಲ್ಲಿ ಆರಾಧನೆ ಮಾಡಿದೆವು. ಗೋವಾದಲ್ಲಿ ಕ್ರೈಸ್ತರೆಂದರೆ ಕ್ಯಾಥೊಲಿಕರು ಎಂದೇ ಎಲ್ಲರ ತಿಳಿವಳಿಕೆ. ಇಳಕಲ್ ಸೀರೆಯ ಸೆರಗನ್ನು ತಲೆಗೆ ಹೊದ್ದು, ಚಪ್ಪಲಿ ಹೊರಗೆ ಬಿಟ್ಟು, ಕನ್ನಡ ಬೈಬಲ್ ಹಿಡಿದು ಒಳಗೆ ಹೋಗುವ ನಾವು ಯಾರೆಂದು ನೆರೆಯವರಿಗೆ ಬಿಡಿಸಿ ಹೇಳುವುದರಲ್ಲೇ ಮೊದಲ ಎರಡು ವರ್ಷ ಹೋಗಿತ್ತು.

ಜನವರಿಯಲ್ಲಿ ಕೋಣೆಯ ಮಾಲಕರು ಮಗನಿಗೆ ಮದುವೆಯೆಂದು ಜಾಗ ಬಿಡಿಸಿಕೊಂಡರು. ಅದೇ ತಿಂಗಳು ಎಲ್ಲ ಸಭೆಗಳವರೂ ಒಟ್ಟಿಗೆ ಸೇರಿ ಪ್ರಾರ್ಥನೆ ಮಾಡುವ ವಾರ ಬರುತ್ತದೆ. ಆ ಕೂಟದಲ್ಲಿ ನಮ್ಮ ಅಯ್ಯನವರು, ಅಂದರೆ ಸಭಾಪಾಲಕರು, ವಿಷಯ ತಿಳಿಸಿದರು. ಕ್ಯಾಥೊಲಿಕ್ ಫಾದರ್ ಎದ್ದು ನಿಂತು, ಇಳಿಜಾರಿನ ಕೆಳಗಿರುವ ತಮ್ಮ ಚಾಪೆಲ್‌ನ ಹಾಲ್ ಭಾನುವಾರ ಮಧ್ಯಾಹ್ನ ಖಾಲಿಯೇ ಇರುತ್ತದೆ, ಬಳಸಿಕೊಳ್ಳಿ ಎಂದುಬಿಟ್ಟರು. ಕುರ್ಚಿಗಳನ್ನು ಕೊರ್ತಾಲಿಮ್‌ನ ಪೆಂಟೆಕೋಸ್ಟಲ್ ಸಭೆಯವರು ಟೆಂಪೋದಲ್ಲಿ ಕಳಿಸಿದರು. ದೇವರು ಬಾಗಿಲು ತೆಗೆಯುತ್ತಾನೆಂದು ನಾನು ಮೊದಲೇ ಹೇಳಿದ್ದೆ. ಬೇರೆ ಎರಡು ಸಭೆಯವರ ಕೈಯಿಂದ ತೆಗೆಯುತ್ತಾನೆಂದು ಮಾತ್ರ ಎಣಿಸಿರಲಿಲ್ಲ.

ನನಗೆ ಆ ಹಾಲ್ ಬೇಕಾಗಿದ್ದಕ್ಕೆ ಸ್ವಂತದ ಕಾರಣವೂ ಇತ್ತು. ನನ್ನ ಮಗಳು ಈಸ್ಟರ್‌ನ ಹಿಂದಿನ ವಾರ, ಗರಿಗಳ ಭಾನುವಾರ ದೃಢೀಕರಣ ಪಡೆಯುವವಳಿದ್ದಳು. ಅಯ್ಯನವರು ತಲೆಯ ಮೇಲೆ ಕೈ ಇಟ್ಟು ಪ್ರಾರ್ಥಿಸಿದ ಮೇಲೆ ಅವಳು ಮೊದಲ ಸಲ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ಸೇರುವವಳು. ಒಂದು ವರ್ಷ ಪಾಠ ಹೇಳಿಸಿಕೊಂಡಿದ್ದಳು. ಜಾಗ ಸಿಗದಿದ್ದರೆ ಮುಂದಿನ ವರ್ಷ ಹುಬ್ಬಳ್ಳಿಗೆ ಹೋಗಿ, ಗುರುತಿಲ್ಲದವರ ನಡುವೆ ನಿಲ್ಲಬೇಕಾಗಿತ್ತು.

ಹಾಲ್‌ನ ಕೀಲಿಕೈ ಚಾಪೆಲ್ ನೋಡಿಕೊಳ್ಳುವ ಗೋವನ್ ಬಾಯಿಯ ಹತ್ತಿರ ಇರುತ್ತಿತ್ತು. ಎಪ್ಪತ್ತು ದಾಟಿದ ಹೆಂಗಸು, ಎಲ್ಲರೂ ಬಾಯಿ ಎಂದೇ ಕರೆಯುತ್ತಿದ್ದರು. ಕೊಂಕಣಿಯಲ್ಲೇ ಮಾತು, ನಮ್ಮಂಥವರಿಗಾಗಿ ಹಿಂದಿ ಬೆರೆಸುತ್ತಿದ್ದರು. ಮೊದಲ ಭಾನುವಾರ ನಾನೇ ಕೀಲಿಕೈ ತಂದು, ಕಸ ಹೊಡೆದು, ಮೇಜು ಇಟ್ಟೆ. ಮೇಜಿನ ಹಿಂದಿನ ಗೋಡೆಗೆ ಗಾಜಿನ ಪೆಟ್ಟಿಗೆಯಲ್ಲಿ ಯೇಸುವಿನ ತಾಯಿ ಮರಿಯಮ್ಮನ ಪ್ರತಿಮೆ ಇತ್ತು. ನೀಲಿ ಸೆರಗು, ಕಾಲ ಬಳಿ ಅಬ್ಬಲಿಗೆ ಹೂವು. ನನಗೇನೂ ಅನ್ನಿಸಲಿಲ್ಲ.

ಸಭೆಯ ಹಿರಿಯರೊಬ್ಬರು ಬಂದರು. ಬಂದರಿನಲ್ಲಿ ದುಡಿದು ನಿವೃತ್ತರಾದವರು, ನಾವೆಲ್ಲ ಕಾಕಾ ಎನ್ನುತ್ತೇವೆ. ಬಾಗಿಲಲ್ಲೇ ನಿಂತರು.

“ಮೂರ್ತಿ ಮುಂದ ಇದ್ರ ನನಗ ಪ್ರಾರ್ಥನಾ ಆಗಂಗಿಲ್ಲವ್ವಾ. ನಾ ಹೊರಗ ಮರದ ಕೆಳಗ ಕೂಡ್ತೀನಿ.”

ಕಾಕಾ ಹೊರಗೆ ಕುಳಿತರೆ ಅರ್ಧ ಸಭೆ ಹೊರಗೆ ಕೂರುತ್ತದೆ. ಅದು ನನಗೆ ಗೊತ್ತು. ಜನ ಬರಲು ಹತ್ತು ನಿಮಿಷ ಇತ್ತು. ಮುಚ್ಚಲು ಹೊಲಸು ಬಟ್ಟೆ ಹಾಕಬಾರದೆಂದು, ನಮ್ಮಲ್ಲಿದ್ದುದರಲ್ಲಿ ಒಳ್ಳೆಯದನ್ನೇ ತೆಗೆದೆ. ಕರ್ತನ ಭೋಜನದ ಮೇಜಿಗೆ ಹಾಸಲು ನಾನು ಗಂಜಿ ಹಾಕಿ ಇಸ್ತ್ರಿ ಮಾಡಿ ತಂದಿದ್ದ ಬಿಳಿ ಬಟ್ಟೆ. ಅಂದು ಭೋಜನ ಇರಲಿಲ್ಲ, ಬಟ್ಟೆ ಬಿಡುವಾಗಿತ್ತು. ಪೆಟ್ಟಿಗೆಯ ಮೇಲೆ ನೆರಿಗೆ ಬೀಳದಂತೆ ಇಳಿಬಿಟ್ಟೆ. ಕಾಕಾ ಒಳಗೆ ಬಂದರು, ಆರಾಧನೆ ಚೆನ್ನಾಗಿ ಆಯಿತು. ಆ ಸಂತೋಷದಲ್ಲಿ ಎಲ್ಲರೂ ಮಾತಾಡುತ್ತ ಮನೆಗೆ ಹೊರಟೆವು. ಬಟ್ಟೆ ತೆಗೆಯುವುದನ್ನು ನಾನು ಮರೆತೆ.

ಸೋಮವಾರ ಸಂಜೆ ಬಾಯಿ ಮತ್ತು ಇತರ ಹೆಂಗಸರು ಜಪಮಾಲೆ ಹೇಳಲು ಹಾಲ್‌ಗೆ ಬಂದಾಗ ಅವರ ತಾಯಿ ಮರಿಯಮ್ಮ ಬಿಳಿ ಬಟ್ಟೆಯ ಕೆಳಗೆ ಇದ್ದಳು. ಈ ಊರಿನಲ್ಲಿ ಮುಖದ ಮೇಲೆ ಬಿಳಿ ಬಟ್ಟೆ ಹಾಕುವುದು ಯಾರಿಗೆಂದು ಹೇಳಬೇಕಾಗಿಲ್ಲ. ಒಬ್ಬಾಕೆ ಅತ್ತಳಂತೆ. ಮಂಗಳವಾರ ಬೆಳಿಗ್ಗೆ ಫಾದರ್ ನಮ್ಮ ಅಯ್ಯನವರಿಗೆ ಫೋನ್ ಮಾಡಿ, ತಮಗೆ ಕೋಪವಿಲ್ಲ, ಆದರೆ ಬಾಯಿ ಕೀಲಿಕೈ ಕೊಡಲು ಒಪ್ಪುತ್ತಿಲ್ಲ, ಅವರನ್ನು ಮೀರಿ ಕೊಡುವುದು ತಮಗೂ ಆಗದು ಎಂದರು.

ಅಯ್ಯನವರು ಕ್ಷಮೆ ಕೇಳಿ ಪತ್ರ ಬರೆಯುವುದಾಗಿ ಹೇಳಿದರು. ಸಭೆಯ ಲೆಟರ್‌ಹೆಡ್‌ನಲ್ಲಿ, ಇಂಗ್ಲಿಷಿನಲ್ಲಿ. ನಾನು ಬೇಡ ಅಂದೆ. ಹೆಂಗಸಿನ ಮನಸ್ಸಿಗೆ ನೋವಾಗಿದೆ, ನೋವು ಮಾಡಿದವಳೂ ಹೆಂಗಸು. ನಡುವೆ ಲೆಟರ್‌ಹೆಡ್ ಯಾಕೆ? ಬುಧವಾರ ಯಜಮಾನರನ್ನು ಬಸ್ಸಿಗೆ ಕಳಿಸಿ, ಬರಿಗೈಯಲ್ಲಿ ಬಾಯಿಯ ಮನೆಗೆ ಹೋದೆ. ತಿನಿಸು ಗಿನಿಸು ಒಯ್ದರೆ ಪುಸಲಾಯಿಸಲು ಬಂದಳು ಅನ್ನಿಸೀತು.

ಬಾಯಿ ಬಾಲ್ಕಾವ್‌ನಲ್ಲಿ, ಅಂದರೆ ಜಗಲಿಯ ಕಲ್ಲಿನ ಆಸನದಲ್ಲಿ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಕೂಡು ಅನ್ನಲಿಲ್ಲ. ಯಾರು ಮುಚ್ಚಿದ್ದು ಎಂದರು. ನಾನೇ ಅಂದೆ. ಯಾರು ಹೇಳಿದರು ಎಂದರು. ಹೇಳಿದವರ ಹೆಸರು ಯಾಕೆ, ಕೈ ನನ್ನದು ಅಂದೆ. ನಮ್ಮವರು ಪ್ರಾರ್ಥನೆಗೆ ಪ್ರತಿಮೆ ಇಡುವುದಿಲ್ಲ, ನೀವು ಇಡುತ್ತೀರಿ, ಇದು ನಿಮಗೂ ಗೊತ್ತು ನಮಗೂ ಗೊತ್ತು. ದ್ವೇಷದಿಂದ ಮುಚ್ಚಲಿಲ್ಲ, ನಮ್ಮ ಕರ್ತನ ಮೇಜಿಗೆ ಹಾಸುವ ಬಟ್ಟೆಯನ್ನೇ ಹಾಕಿದೆ, ತೆಗೆಯಲು ಮರೆತದ್ದು ನನ್ನ ತಪ್ಪು ಎಂದು ನನ್ನ ಹರಕು ಹಿಂದಿಯಲ್ಲಿ ಹೇಳಿ ಮುಗಿಸಿದೆ.

ಬಾಯಿ ಬೆಳ್ಳುಳ್ಳಿ ಬಿಟ್ಟು ಒಳಗೆ ಹೋದರು. ಆ ಬಟ್ಟೆಯನ್ನು ಮಡಿಸಿ ಇಟ್ಟಿದ್ದರು, ತಂದು ನನ್ನ ಮುಂದೆ ಹಿಡಿದರು. ಅಂಚಿಗೆ ನಾನೇ ಹಾಕಿದ್ದ ಶಿಲುಬೆಯ ಕಸೂತಿಯ ಮೇಲೆ ಬೆರಳಾಡಿಸಿದರು.

“ನಾನು ಯಾರದೋ ಹಾಸಿಗೆಯ ಚಾದರ ಅಂದುಕೊಂಡೆ” ಎಂದರು. ಬಟ್ಟೆಯನ್ನು ನನ್ನ ಕೈಗಿಟ್ಟು ಕೇಳಿದರು. “ಜನವರಿಯ ಕೂಟದಲ್ಲಿ ನಿಮ್ಮವರನ್ನು ನೋಡಿದೆ. ಒಬ್ಬರು ಬಿಡದೆ ಎಲ್ಲರೂ ಕಣ್ಣು ಮುಚ್ಚಿಕೊಂಡೇ ಪ್ರಾರ್ಥನೆ ಮಾಡುತ್ತೀರಿ. ಮುಚ್ಚಿದ ಕಣ್ಣಿಗೆ ಅವಳು ಏನು ಅಡ್ಡ ಬಂದಳು?”

ನನಗೆ ನಗು ಬಂತು. ತಡೆಯಲು ಹೋದೆ, ಆಗಲಿಲ್ಲ. ಬಾಯಿಯೂ ನಕ್ಕರು, ಆದರೆ ಕೀಲಿಕೈ ಕೊಡಲಿಲ್ಲ. ಈ ಪ್ರಶ್ನೆಯನ್ನು ಹೇಳಿಕೊಟ್ಟವರ ಹತ್ತಿರ ಒಯ್ಯಿ ಎಂದರು. ಬೆರಳು ಮಾಡಿದವರು ಬೇರೆ ಯಾರೋ ಇದ್ದಾರೆಂದು ಅವರಿಗೆ ತಿಳಿದೇ ಇತ್ತು.

ಒಯ್ದೆ. ಕಾಕಾ ಮೊದಲು ಸಿಟ್ಟಾದರು. ಆಮೇಲೆ ತುಸು ಹೊತ್ತು ಮೀಸೆ ಎಳೆದುಕೊಂಡು, “ಮುದುಕಿ ಭಾಳ ಶಾಣ್ಯಾ ಇದ್ದಾಳ” ಎಂದರು. ಸಂಜೆ ಅವರೇ ನನ್ನ ಜೊತೆ ಬಾಯಿಯ ಮನೆಗೆ ಬಂದರು. ಕ್ಷಮಿಸಿ ಎಂಬ ಮಾತನ್ನು ಕಾಕಾ ಆಡಲಿಲ್ಲ, ಸುಳ್ಳು ಹೇಳುವುದು ಬೇಡ. ಮೇಜನ್ನು ಕಿಟಕಿಯ ಕಡೆಗೆ ಸರಿಸಿ ಕುರ್ಚಿ ತಿರುಗಿಸಿದರೆ ಪ್ರತಿಮೆ ಬೆನ್ನ ಹಿಂದೆ ಆಗುತ್ತದೆ, ಅದಕ್ಕೆ ನಿಮಗೆ ಬೇಜಾರಿಲ್ಲವೇ ಎಂದು ಕೇಳಿದರು. ಬಾಯಿ, ತಾಯಿಗೆ ಮಕ್ಕಳ ಬೆನ್ನು ಕಂಡು ರೂಢಿಯಿದೆ, ಆದರೆ ಜಪಮಾಲೆಗೆ ಮುನ್ನ ಕುರ್ಚಿ ಎಲ್ಲಿದ್ದವೋ ಅಲ್ಲೇ ಇರಬೇಕು, ಗಾಜು ಒರೆಸುವ ಕೆಲಸ ಇವಳದ್ದು ಎಂದು ನನ್ನ ಕಡೆ ತೋರಿಸಿದರು. ಕೀಲಿಕೈ ನನ್ನ ಕೈಗೆ ಬಂತು. ಆ ರಾತ್ರಿಯ ಸ್ತೋತ್ರದಲ್ಲಿ ಅದೇ ಮೊದಲು.

ಆಮೇಲೆ ಪ್ರತಿ ಶನಿವಾರ ನಾನು ಗಾಜು ಒರೆಸಿದೆ. ಪ್ರತಿಮೆಗೆ ಕೈ ಮುಗಿಯಲಿಲ್ಲ, ಬಾಯಿ ಮುಗಿ ಎನ್ನಲೂ ಇಲ್ಲ. ಕರ್ತನನ್ನು ಹೊತ್ತು ಹೆತ್ತವಳು, ಅವಳ ಮುಂದಿನ ಗಾಜು ಮಸುಕಾಗಿರಬಾರದು, ಇಷ್ಟು ನನಗೂ ಒಪ್ಪಿಗೆ.

ಗರಿಗಳ ಭಾನುವಾರಕ್ಕೆ ಎಂಟು ದಿನ ಇದ್ದಾಗ, ಶನಿವಾರ ಹಾಲ್‌ಗೆ ಹೋದರೆ ಬಾಯಿ ಸ್ಟೂಲಿನ ಮೇಲೆ ನಿಂತಿದ್ದರು. ಕೈಯಲ್ಲಿ ನೇರಳೆ ಬಣ್ಣದ ದೊಡ್ಡ ಬಟ್ಟೆ.

“ಬಾ, ಆ ತುದಿ ಹಿಡಿ” ಎಂದರು.

ಏನು ಮಾಡುತ್ತಿದ್ದೀರಿ ಎಂದು ಗಾಬರಿಯಿಂದ ಕೇಳಿದೆ. ಕರ್ತನ ಶ್ರಮೆಯ ದಿನಗಳು ಹತ್ತಿರ ಬಂದಾಗ ಎಲ್ಲ ಪ್ರತಿಮೆಗಳನ್ನೂ ಮುಚ್ಚುವುದು ತಮ್ಮ ಪದ್ಧತಿ, ಈಸ್ಟರ್‌ಗೆ ತೆಗೆಯುತ್ತೇವೆ, ಪ್ರತಿ ವರ್ಷದ್ದು ಎಂದರು. ಹಾಗಾದರೆ ಆವತ್ತು ಕೀಲಿಕೈ ತಡೆದದ್ದೇಕೆ ಅಂದೆ. ನೀನು ಎರಡು ತಿಂಗಳು ಮೊದಲು ಮುಚ್ಚಿದೆ, ಬಣ್ಣವೂ ತಪ್ಪು ಎಂದರು, ನಗದೆ. ಇಬ್ಬರೂ ಸೇರಿ ಬಟ್ಟೆ ಕಟ್ಟಿದೆವು. ನನ್ನ ಕಡೆ ಹೆಚ್ಚು ಇಳಿಬಿದ್ದಿದೆ ಎಂದು ಎರಡು ಸಲ ಬಿಚ್ಚಿಸಿದರು.

ಗರಿಗಳ ಭಾನುವಾರ ಮಧ್ಯಾಹ್ನ ಕಾಕಾ ಎಲ್ಲರಿಗಿಂತ ಮುಂಚೆ ಬಂದರು, ಒಗೆದ ಧೋತರ ಉಟ್ಟು. ಒಳಗೆ ಕಾಲಿಟ್ಟವರೇ ಗೋಡೆ ನೋಡಿ ನಿಂತುಬಿಟ್ಟರು. ನನ್ನನ್ನು ಮೂಲೆಗೆ ಕರೆದು ಪಿಸುಗುಟ್ಟಿದರು.

“ಮತ್ತ ಮುಚ್ಚಿದ್ಯಾ? ಏನ್ ತಲಿ ಕೆಟ್ಟೈತಿ ನಿನಗ? ತಗಿ, ಲಗೂನ ತಗಿ. ಮುದುಕಿ ಬಂದ್ರ ಕೀಲಿ ಕಸಗೋತಾಳ, ಹುಡುಗಿ ದೃಢೀಕರಣ ಅಲ್ಲೇ ನಿಂದ್ರತೈತಿ.”

“ಕಾಕಾ, ಅವ್ರ ಮುಚ್ಚ್ಯಾರ್ರಿ. ನಾ ಬರೇ ತುದಿ ಹಿಡದೇನಿ.”

ಕಾಕಾ ನಂಬಲಿಲ್ಲ. ಬಾಯಿ ಬರುವವರೆಗೆ ಬಾಗಿಲಲ್ಲೇ ಕಾದು, ಅವರಿಂದಲೇ ಕೇಳಿಕೊಂಡು ಒಳಗೆ ಬಂದರು. ಬಾಯಿ ಬೆಳಗಿನ ಪೂಜೆಯಲ್ಲಿ ಸಿಕ್ಕ ಗರಿಯಿಂದ ಪುಟ್ಟ ಶಿಲುಬೆ ಹೆಣೆದು ಮಗಳಿಗೆಂದು ತಂದಿದ್ದರು.

ಮೇಜಿನ ಮೇಲೆ ನಮ್ಮ ಬಿಳಿ ಬಟ್ಟೆ ಹಾಸಿತ್ತು. ಮಗಳು ಅದರ ಮುಂದೆ ಮೊಣಕಾಲೂರಿದಳು, ಅಯ್ಯನವರು ಅವಳ ತಲೆಯ ಮೇಲೆ ಕೈ ಇಟ್ಟರು. ಎಲ್ಲರೂ ಕಣ್ಣು ಮುಚ್ಚಿದರು. ನಾನು ಮಾತ್ರ ಮುಚ್ಚಲಿಲ್ಲ. ಹೆತ್ತವಳು, ಆ ಗಳಿಗೆಯನ್ನು ನೋಡಬೇಕಾಗಿತ್ತು, ದೇವರು ಅದನ್ನು ಹಿಡಿದು ಲೆಕ್ಕ ಕೇಳಲಾರ. ಆಮೇಲೆ ಹಿಂದೆ ತಿರುಗಿದೆ. ಕೊನೆಯ ಕುರ್ಚಿಯಲ್ಲಿ, ನಮ್ಮ ಹಾಗೆಯೇ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದ ಬಾಯಿ ಕಾಕಾನ ಪಕ್ಕದಲ್ಲಿ ಕೂತಿದ್ದರು. ಕಾಕಾ ಕಣ್ಣು ಬಿಗಿಯಾಗಿ ಮುಚ್ಚಿದ್ದರು. ಬಾಯಿ ಕಣ್ಣು ತೆರೆದು ನನ್ನನ್ನೇ ನೋಡುತ್ತಿದ್ದರು, ನೀನು ಸಿಕ್ಕಿಬಿದ್ದೆ ಎನ್ನುವ ಹಾಗೆ.