ತಾಟಿನಲ್ಲಿ ಸತ್ತ ಕ್ಯಾನ್ಸರ್

ದುರ್ಗದಬೈಲಿನ ಪೇಟೆಯಲ್ಲಿ ನಾನು ಮಾರುವ ಅರಿಷಿಣ ಎಂಥಾದ್ದೆಂದರೆ, ಇಲ್ಲಿ ಚೀಲ ಬಿಚ್ಚಿದರೆ ಧಾರವಾಡದಲ್ಲಿ ನಿಂತವರು ಸೀನುತ್ತಾರೆ. ಅಲ್ಲಿನ ಒಂದು ಪ್ರಯೋಗಾಲಯ ನನ್ನ ಮಾಲನ್ನೇ ತರಿಸುವುದರಲ್ಲಿ ಆಶ್ಚರ್ಯವೇನಿಲ್ಲ. ಈ ಸಲ ಮುಟ್ಟಿಸಲು ನಾನೇ ಹೋದೆ. ಕಾರಣವಿತ್ತು. ಮುಗದ ಊರಿನ ನಮ್ಮ ಭಾವನಿಗೆ ಹೊಟ್ಟೆಯ ಕ್ಯಾನ್ಸರ್. ಸೋಮವಾರ ಆಪರೇಷನ್. ಆತನೋ, "ನಿನ್ನ ಅರಿಷಿಣದ ಕಷಾಯ ಸಾಕು, ಕತ್ತರಿ ಬ್ಯಾಡ" ಎಂದು ಹಟ ಹಿಡಿದಿದ್ದ. ಪ್ರಯೋಗಾಲಯದವರನ್ನೇ ಕೇಳಿಬಿಡೋಣ ಎಂದುಕೊಂಡೆ.

ಅಲ್ಲಿನ ಸಂಶೋಧಕಿಯೊಬ್ಬಳು ನನಗೆ ಸೂಕ್ಷ್ಮದರ್ಶಕದಲ್ಲಿ ಒಂದು ಗಾಜಿನ ತಾಟು ತೋರಿಸಿದಳು. ಅದರಲ್ಲಿ ಬೆಳೆಸಿ ಅರಿಷಿಣದ ಸತ್ವ ಹಾಕಿದ್ದ ಹೊಟ್ಟೆಯ ಕ್ಯಾನ್ಸರ್ ಕೋಶಗಳು ಮುದುಡಿ ಚೂರುಚೂರಾಗಿದ್ದವು.

"ನನ್ನ ಅರಿಷಿಣ ಕೊಂದಿತೇನವಾ?"

"ಕೊಂದಿಲ್ರಿ ಕಾಕಾ. ಕೆಟ್ಟ ಕೋಶ ತಾನಾಗೇ ಸಾಯಾಕ ಒಳಗೊಂದು ವ್ಯವಸ್ಥಾ ಇರತೈತಿ. ಕ್ಯಾನ್ಸರ್ ಕೋಶ ಅದನ್ನ ಬಂದ್ ಮಾಡಿಕೊಂಡಿರತೈತಿ. ಅರಿಷಿಣದ ಸತ್ವ ಮತ್ತ ಚಾಲೂ ಮಾಡತೈತಿ."

ನನ್ನ ಎದೆ ಉಣಕಲ್ ಕೆರೆಯಷ್ಟು ಅಗಲವಾಯಿತು. "ಹಂಗಾರ ನಮ್ಮ ಭಾವಗ ಆಪರೇಷನ್ ಬ್ಯಾಡಲ್ಲಾ?"

ಆಕೆ ಗಾಬರಿಯಾದಳು. "ಅಯ್ಯ, ಹಂಗನಬ್ಯಾಡ್ರಿ! ಈ ತಾಟಿಗೆ ಫಿನಾಯಿಲ್ ಹಾಕಿದ್ರೂ ಕೋಶ ಸಾಯತಾವ. ಅದನ್ನ ಕುಡಸ್ತೀರೇನು? ಕುಡಿದ ಅರಿಷಿಣ ಇಷ್ಟು ಪ್ರಮಾಣದಾಗ ಕ್ಯಾನ್ಸರ್ ಗಡ್ಡಿತನಕ ಮುಟ್ಟೂದಿಲ್ರಿ. ಲಗೂ ಆಪರೇಷನ್ ಮಾಡಸ್ರಿ."

ಅಲ್ಲಿಂದಲೇ ಭಾವನಿಗೆ ಫೋನ್ ಹಚ್ಚಿ, ಕೇಳಿದ್ದನ್ನೆಲ್ಲ ಹೇಳಿದೆ. ಆತ ಅಂದ:

"ನಿನ್ನ ಮಾಲು ಒಂದು ಕೆಲಸಕ್ಕ ಸಾಲೂದಿಲ್ಲ ಅಂತ ನಿನ್ನ ಬಾಯಿಂದ ಇವತ್ತ ಮೊದಲ ಸಲ ಕೇಳಿದ್ನೋ. ಅಂದ್ರ ಅದು ಖರೇನ ಇರಬೇಕು. ಸೋಮವಾರ ದವಾಖಾನಿಗೆ ಬಾ."

ಜೀವನಪೂರ್ತಿ ಬಡಾಯಿ ಕೊಚ್ಚಿದ್ದು ಹೀಗೊಂದು ದಿನ ಉಪಯೋಗಕ್ಕೆ ಬರುತ್ತದೆಂದು ನನಗೆ ಮೊದಲೇ ಗೊತ್ತಿತ್ತು, ಬಿಡ್ರಿ.