ನದಿ ದಾಖಲೆಯ ಮೊದಲ ಸಾಲು

ಕಲ್ಲಿನ ತಳಕ್ಕೆ ಏಳು ಹುಳುಗಳು ಅಂಟಿಕೊಂಡಿದ್ದವು. ಏಳೂ ಕಡುಗೆಂಪು. ಹೊಲಿಗೆ ದಾರದಷ್ಟು ದಪ್ಪ, ನನ್ನ ಕಿರುಬೆರಳಿನ ಉಗುರಿನಷ್ಟು ಉದ್ದ. ಎರಡು ಸಲ ಎಣಿಸಿದೆ.

ಇದು ಕಳೆದ ವರ್ಷದ ಚಳಿಗಾಲದ ಮಾತು. ಮೂಡಲಗಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಆಗ ಕೆಲಸಕ್ಕೆ ಸೇರಿ ಎರಡನೆಯ ವರ್ಷ. ಗೋಕಾಕ, ಮೂಡಲಗಿ, ಹುಕ್ಕೇರಿ ಮೂರೂ ತಾಲೂಕುಗಳ ವಿಜ್ಞಾನ ಶಿಕ್ಷಕರಿಗೆ ಕೆರೆ, ನದಿಗಳ ನೀರಿನ ಬಗ್ಗೆ ಎರಡು ದಿನದ ತರಬೇತಿ ಇದೆ ಎಂದು ಪತ್ರ ಬಂತು. ಕೂತು ಕೇಳುವ ತರಬೇತಿಯಲ್ಲ, ನದಿಗೆ ಇಳಿದು ಕೈಯಾರೆ ಮಾಡುವಂಥದ್ದು ಎಂದು ಅದರಲ್ಲಿ ಬರೆದಿತ್ತು. ನಾನು ಸುಲಭಕ್ಕೆ ಉತ್ಸಾಹ ತೋರಿಸುವವಳಲ್ಲ, ಆದರೆ ಅಂದು ನಿಜಕ್ಕೂ ಖುಷಿಯಾಗಿತ್ತು. ನಮ್ಮ ಶಾಲೆಯಿಂದ ಘಟಪ್ರಭೆ ನಡೆದು ಹೋಗುವಷ್ಟು ಹತ್ತಿರ. ಊರಿನ ನಳಕ್ಕೆ ಬರುವುದು ಅದೇ ನೀರು. ಬಿಸಿಯೂಟದ ತಾಟುಗಳನ್ನು ಮಕ್ಕಳು ತೊಳೆಯುವುದೂ ಅದರಲ್ಲೇ.

ಮೊದಲ ದಿನ ಗೋಕಾಕದಲ್ಲಿ ಒಂದು ಕಿರುಪುಸ್ತಕ ಕೊಟ್ಟರು. ಚೆನ್ನಾಗಿತ್ತು. ನೀರಿನಲ್ಲಿರುವ ಕಲ್ಲನ್ನು ಎತ್ತಿ ತಿರುಗಿಸಿ ನೋಡಬೇಕು. ಮೂರು ಬಾಲದ ಮರಿಹುಳುಗಳಿದ್ದರೆ ನೀರು ಚೊಕ್ಕಟ. ಬರೀ ಕೆಂಪು ಹುಳುಗಳಿದ್ದರೆ ನೀರಿನಲ್ಲಿ ಉಸಿರಾಟಕ್ಕೆ ಬೇಕಾದ ಗಾಳಿ ಕಡಿಮೆ, ಹೊಲಸು ಸೇರಿದೆ ಎಂದರ್ಥ. ಪ್ರತಿ ಶಾಲೆಗೂ ಒಂದು ದಾಖಲೆ ಹಾಳೆ. ಅದರ ಮೊದಲ ಸಾಲು ತರಬೇತಿಯಲ್ಲಿ ಕಂಡದ್ದು. ಮುಂದೆ ಮಕ್ಕಳು ತಿಂಗಳಿಗೊಮ್ಮೆ ತಮ್ಮೂರಲ್ಲಿ ನೋಡಿ, ಕೆಳಗೆ ಒಂದೊಂದು ಸಾಲು ಬರೆದು, ಮೊದಲನೆಯದಕ್ಕೆ ಹೋಲಿಸಬೇಕು. ಹಾಗಾಗಿ ಎಲ್ಲವೂ ನಿಂತಿರುವುದು ಆ ಮೊದಲ ಸಾಲಿನ ಮೇಲೆ.

ಎರಡನೆಯ ದಿನ ಘಟಪ್ರಭೆಯ ದಂಡೆಗೆ ಹೋದೆವು. ಬಲೆ, ಬಿಳಿ ಟ್ರೇ, ಥರ್ಮಾಮೀಟರು ಎಲ್ಲ ಹೊಸವು. ಆದರೆ ಯಾವುದರ ಪ್ಲಾಸ್ಟಿಕ್ ಕವರನ್ನೂ ತೆಗೆಯಲು ಬಿಡಲಿಲ್ಲ. ತರಬೇತಿ ನಡೆಸುತ್ತಿದ್ದ ಹಿರಿಯರು, ನಾಡಿದ್ದು ಹುಕ್ಕೇರಿಯಲ್ಲಿ ಇವನ್ನೇ ಪ್ರದರ್ಶನಕ್ಕೆ ಇಡಬೇಕು, ಕೆಸರಾಗಬಾರದು ಎಂದರು. ಗಂಡಸರು ಪ್ಯಾಂಟು ಮಡಚಿ, ಕವರು ಹಾಕಿದ್ದ ಬಲೆಗಳನ್ನೇ ಹಿಡಿದು ಮೊಣಕಾಲು ನೀರಿನಲ್ಲಿ ನಿಂತರು. ಫೋಟೋ ತೆಗೆದರು. ಹತ್ತಿ ಬಂದರು.

ನಾವು ಹೆಂಗಸರು ನಾಲ್ವರು. ನಮಗೆ ಹೇಳಿದ್ದು ಬೇರೆ: "ಮೇಡಂರ, ನೀವು ನೆರಳಾಗ ಕುಂದರ್ರಿ. ನಿಮ್ಮ ಅಕ್ಷರ ಚೆಂದ ಇರತಾವು, ಬರಿಯೂದು ನಿಮ್ಮ ಕೆಲಸ."

ನಾನು ಎದ್ದು ಸ್ವಲ್ಪ ಕೆಳಗೆ ಹೋಗಿ, ಸೀರೆ ಎತ್ತಿ ಸಿಕ್ಕಿಸಿಕೊಂಡು ನೀರಿಗಿಳಿದೆ. ಆಗ ಸಿಕ್ಕಿದ್ದೇ ಆ ಮೊದಲ ಕಲ್ಲು. ಇನ್ನೂ ಆರು ಕಲ್ಲು ತಿರುಗಿಸಿದೆ. ಎಲ್ಲದರಲ್ಲೂ ಕೆಂಪು ಹುಳುಗಳೇ. ಮೂರು ಬಾಲದ್ದು ಒಂದೂ ಇಲ್ಲ. ಹುಕ್ಕೇರಿ ತಾಲೂಕಿನಿಂದ ಬಂದಿದ್ದ, ನಿವೃತ್ತಿಗೆ ಹತ್ತಿರವಿದ್ದ ಶಿಕ್ಷಕಿಯೊಬ್ಬರು, ಎಲ್ಲರೂ ಅಕ್ಕೋರು ಎನ್ನುತ್ತಿದ್ದವರು, ದಂಡೆಯಲ್ಲಿ ನನ್ನ ಚಪ್ಪಲಿ ಹಿಡಿದು ನಿಂತಿದ್ದರು. ಬಗ್ಗಿ ನೋಡಿ, "ಯವ್ವಾ, ಇದ ನೀರು ಕುಡಿತೇವಲ್ಲ ನಾವು" ಎಂದರು.

ಮರದಡಿಗೆ ಮರಳುವಷ್ಟರಲ್ಲಿ ಹಿರಿಯರು ಕುರ್ಚಿಯಲ್ಲಿ ಕೂತು ಬರೆಸುತ್ತಿದ್ದರು. ಅವರ ಕೈಯಲ್ಲಿದ್ದದ್ದು ನಮಗಿಂತ ಮೊದಲು ತರಬೇತಿ ಪಡೆದ ತಂಡದವರ ಹಾಳೆ. "ಬರಕೋರಿ. ಮೂರು ಬಾಲದ ಹುಳ, ಸಾಕಷ್ಟು. ಕೆಂಪು ಹುಳ, ಇಲ್ಲ. ನೀರು, ಉತ್ತಮ." ಎಲ್ಲರೂ ತಲೆ ತಗ್ಗಿಸಿ ಬರೆಯುತ್ತಿದ್ದರು. ದಿನವೂ ಮಕ್ಕಳಿಗೆ ಉಕ್ತಲೇಖನ ಹೇಳುವವರು ಇಷ್ಟು ವಿಧೇಯರಾಗಿ ಬರೆದುಕೊಳ್ಳುವುದನ್ನು ನಾನು ನೋಡಿರಲಿಲ್ಲ.

ನಾನು ಕಂಡದ್ದು ಬೇರೆ ಎಂದು ಹೇಳಿದೆ. ಹಿಂದಿನಿಂದ ಒಬ್ಬರು, "ಮೇಡಂರ ಮೀನ ಹಿಡಿಯಾಕ ಎರಿಹುಳ ಹುಡಿಕ್ಯಾರ ಬಿಡ್ರಿ ಸರ" ಎಂದರು. ನಗು ಎದ್ದಿತು. ಹಿರಿಯರು ನಗಲಿಲ್ಲ. ಅದುವರೆಗೆ 'ರೀ' ಎನ್ನುತ್ತಿದ್ದವರು ಮನೆಯ ಹುಡುಗಿಗೆ ಬುದ್ಧಿ ಹೇಳುವಂತೆ ದನಿ ಇಳಿಸಿದರು.

"ನೋಡವ್ವಾ, ಕೆಟ್ಟೈತಿ ಅಂತ ಬರದ್ರ ಮ್ಯಾಲಿನವರು ಯಾಕ ಕೆಟ್ಟೈತಿ ಅಂತ ಕೇಳತಾರ. ಉತ್ತಮ ಅಂತ ಬರದ್ರ ಯಾರೂ ಏನೂ ಕೇಳಂಗಿಲ್ಲ."

ಎಲ್ಲ ಹಾಳೆಗಳೂ ಒಂದೇ ತೆರನಾಗಿ ಸಹಿಯಾಗದೆ ಯಾರಿಗೂ ಪ್ರಮಾಣಪತ್ರ ಇಲ್ಲ ಎಂದೂ ಹೇಳಿದರು. ಎಲ್ಲರೂ ಬ್ಯಾಗು ಹೆಗಲಿಗೇರಿಸಿ ನನ್ನನ್ನೇ ನೋಡುತ್ತಿದ್ದರು. ಅಕ್ಕೋರು ಪಕ್ಕಕ್ಕೆ ಬಂದರು. "ಬರದ ಬಿಡವ್ವಾ. ನಾ ಹುಕ್ಕೇರಿ ಮುಟ್ಟಿ ಮತ್ತ ನಮ್ಮೂರು ದಡ್ಡಿ ಬಸ್ ಹಿಡೀಬೇಕು."

ಬರೆದೆ. ಸಹಿಯನ್ನೂ ಮಾಡಿದೆ. ಹಿರಿಯರು ಹಾಳೆ ನೋಡಿ, ಮುತ್ತು ಪೋಣಿಸಿದಂಥ ಅಕ್ಷರ ಎಂದು ಹೊಗಳಿದರು.

ಬಸ್ ಹತ್ತಿ ಕೂತೆ. ನಗಾಡಿದವರ ಮೇಲೆ ಸಿಟ್ಟು, ಆ ಹಿರಿಯರ ಮೇಲೆ ಸಿಟ್ಟು. ಊರು ಹತ್ತಿರವಾದಂತೆ ಉಳಿದದ್ದು ನನ್ನ ಮೇಲಿನದು ಮಾತ್ರ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಆ ಸಿಟ್ಟು ಇಂದಿಗೂ ಇಳಿದಿಲ್ಲ. ಇಳಿಯಬೇಕು ಎಂದೂ ನನಗೆ ಅನ್ನಿಸುವುದಿಲ್ಲ. ಸುಳ್ಳು ಬರೆಸಿದ್ದು ಒಂದು ತಪ್ಪು. ಕಲ್ಲು ಎತ್ತಿ ನೋಡುವುದನ್ನು ಕಲಿಸಬೇಕಾದವರು, ನೋಡುವ ಅಗತ್ಯವೇ ಇಲ್ಲ ಎಂಬುದನ್ನು ಅಷ್ಟೊಂದು ಶಿಕ್ಷಕರಿಗೆ ಕಲಿಸಿ ಕಳಿಸಿದ್ದು ಅದಕ್ಕಿಂತ ದೊಡ್ಡದು.

ಮರುದಿನ ಬೆಳಿಗ್ಗೆ ಮುಖ್ಯಗುರುಗಳು ಹಾಳೆಯನ್ನು ಗೋಡೆಗೆ ಅಂಟಿಸಿ ಫೋಟೋ ಕಳಿಸಲು ಹೇಳಿದರು. ನಾನು ಅದನ್ನು ಒಂಬತ್ತನೆಯ ತರಗತಿಗೆ ಒಯ್ದು ಮಕ್ಕಳ ಮುಂದೆ ಗಟ್ಟಿಯಾಗಿ ಓದಿದೆ. ಇದರಲ್ಲಿರುವುದನ್ನು ನಾನು ನೋಡಿಲ್ಲ, ಇದು ಸುಳ್ಳು, ಬರೆದವಳು ನಾನೇ ಎಂದೆ. ಮುಂದಿನ ಸಾಲಿನ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು:

"ಮತ್ತ ಸಹಿ ಯಾಕ ಮಾಡಿದ್ರಿ, ಟೀಚರ್?"

"ಬಸ್ ತಪ್ಪತಿತ್ತು" ಎಂದೆ.

ಅವರೆದುರಿಗೇ ಆ ಸಾಲನ್ನು ಹೊಡೆದುಹಾಕಿ, ಕೆಳಗೆ ನಾನು ಕಂಡದ್ದನ್ನು ಬರೆದು, ಪಕ್ಕದಲ್ಲಿ ಮತ್ತೆ ಸಹಿ ಮಾಡಿದೆ. ಅದರ ಫೋಟೋ ತೆಗೆದು ಮೂರೂ ತಾಲೂಕಿನ ಶಿಕ್ಷಕರಿರುವ ವಾಟ್ಸಪ್ ಗುಂಪಿಗೆ ಹಾಕಿದೆ. ಆ ಗುಂಪಿನಲ್ಲಿ ನಾನು ಅದುವರೆಗೆ ಒಂದಕ್ಷರವನ್ನೂ ಬರೆದಿರಲಿಲ್ಲ. ಆಮೇಲೆ ಫೋನು ಬಂದ್ ಮಾಡಿ ಮೇಜಿನ ಖಾನೆಗೆ ಹಾಕಿ, ಮಕ್ಕಳನ್ನು ಕರೆದುಕೊಂಡು ಹೊಳೆಯ ಕಡೆ ನಡೆದೆ.