ಕತ್ತರಿಸಿದ ಮಾತು

ಫೋನಿನಲ್ಲಿ ಸುಳ್ಳು ಸುದ್ದಿ ಹೇಗೆ ಹಬ್ಬುತ್ತದೆ ಎಂಬುದೇ ಅಕ್ಕನ ಸಂಶೋಧನೆ. ಹತ್ತಾರು ದೇಶಗಳ ಸಂಶೋಧಕರ ಮುಂದೆ ಅದನ್ನು ಮಂಡಿಸುವಾಗ, ಉದಾಹರಣೆಗೆಂದು ಒಂದು ಸುಳ್ಳನ್ನು ತನ್ನ ಭಾಷೆಯಲ್ಲೇ ಹೇಳಿ ತೋರಿಸಿದಳು: "ದಡಾರದ ಲಸಿಕೆ ಹಾಕಿಸಿದ್ರೆ ಮಗುಗೆ ಮಾತೇ ಬರಲ್ಲ." ಯಾರೋ ಪುಣ್ಯಾತ್ಮರು ಭಾಷಣದ ವಿಡಿಯೊದಿಂದ ಆ ಒಂದೇ ವಾಕ್ಯವನ್ನು ಕತ್ತರಿಸಿ ಹರಿಯಬಿಟ್ಟರು. ಅವಳು ಮನೆಗೆ ಮರಳುವಷ್ಟರಲ್ಲಿ ಅದು ತಂಗಿಯ ಫೋನಿಗೂ ಬಂದು, ತಂಗಿ ಕೂಸಿಗೆ ಲಸಿಕೆ ಹಾಕಿಸುವುದನ್ನೇ ಬಿಟ್ಟಿದ್ದಳು.

"ಅದು ಸುಳ್ಳು ಕಣೇ! ಸುಳ್ಳು ಅಂತ ತೋರಿಸೋಕೇ ಹೇಳಿದ್ದು," ಎಂದು ಅಕ್ಕ ಇಡೀ ಭಾಷಣವನ್ನೇ ಹಾಕಿ ಕೇಳಿಸಿದಳು.

ತಂಗಿ ಅರ್ಧಕ್ಕೇ ಮುಖ ತಿರುಗಿಸಿದಳು. "ಅಲ್ಲಿ ನಿಜ ಹೇಳಿ ಇಲ್ಲಿ ಮಾತು ಬದಲಾಯಿಸ್ತೀಯಾ? ಯಾರು ನಿನ್ನ ಬಾಯಿ ಮುಚ್ಚಿಸಿದ್ರು?"

ಇಂಥ ಉತ್ತರಗಳನ್ನು ಅಕ್ಕ ಸಂಶೋಧನೆಗೆಂದು ರಾಶಿಗಟ್ಟಲೆ ಸಂಗ್ರಹಿಸಿದ್ದಳು. ಒಂದಕ್ಕೂ ಮದ್ದು ಕಂಡುಹಿಡಿದಿರಲಿಲ್ಲ.

ಕೆಲವು ತಿಂಗಳಲ್ಲಿ ಮಗುವಿಗೆ ದಡಾರವಾಯಿತು. ಜೀವ ಉಳಿಯಿತು, ಒಂದು ಕಿವಿ ಹೋಯಿತು. ಅಕ್ಕ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ವಿದೇಶದ ಗೆಳೆಯರಿಂದ ಸಂದೇಶ ಬಂತು: ನಿಮ್ಮ ತುಣುಕಿನ ಕಥೆ ಅಪರೂಪದ ಉದಾಹರಣೆ, ಮುಂದಿನ ಸಮ್ಮೇಳನದಲ್ಲಿ ದಯವಿಟ್ಟು ಅದನ್ನೇ ಮಂಡಿಸಿ. ಅವಳು ಫೋನನ್ನು ಚೀಲಕ್ಕೆ ತುರುಕಿದಳು.

ತಂಗಿ ಮಗುವನ್ನು ಎತ್ತಿಕೊಂಡು ಹೊರಬಂದಳು. "ನಿನ್ನ ಮಾತು ನಂಬಿದ್ದೇ ನನ್ನ ತಪ್ಪು," ಎಂದು ಅಕ್ಕನನ್ನು ದಾಟಿ ನಡೆದಳು.